ಕ್ಯಾಲಿಫೋರ್ನಿಯಾ ಶಾಲೆಗಳ ರಾಜ್ಯ ಪರೀಕ್ಷೆ: ಕನ್ನಡದ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಮುಗಿಯುತ್ತಿದ್ದ ಹಾಗೆ ಶಾಲೆಯಿಂದ ಒಂದು ಇಮೇಲ್ ಬರುತ್ತದೆ. ಕ್ಯಾಸ್ಪ್ ಪರೀಕ್ಷೆ ಇಂಥ ವಾರ, ಮಕ್ಕಳನ್ನು ಬೇಗ ಮಲಗಿಸಿ, ಬೆಳಿಗ್ಗೆ ತಿಂಡಿ ತಿನ್ನಿಸಿ ಕಳಿಸಿ. ಅಷ್ಟೇ. ಅದನ್ನು ಓದಿದ ಕೂಡಲೇ ನಮ್ಮವರಲ್ಲಿ ಗಾಬರಿ ಶುರುವಾಗುತ್ತದೆ. ಯಾವ ಪುಸ್ತಕ ತರಬೇಕು, ಎಷ್ಟು ಬಂದರೆ ಪಾಸು, ಕನ್ನಡ ಮಾತಾಡೋದು ನಿಲ್ಲಿಸಬೇಕಾ ಅಂತ ಫೋನ್ ಮೇಲೆ ಫೋನ್. ನಾನು ಬೇ ಏರಿಯಾದ ಪಬ್ಲಿಕ್ ಶಾಲೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸಿದ ತಾಯಿ. ಈ ಪರೀಕ್ಷೆಗಳನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಕೆಲವು ವರ್ಷ ಹಿಡಿಯಿತು, ಒಂದು ತಪ್ಪನ್ನೂ ಮಾಡಿದೆ, ಅದನ್ನು ಕೆಳಗೆ ಹೇಳುತ್ತೇನೆ. ನಿಮಗೆ ಅಷ್ಟು ವರ್ಷ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಕ್ಯಾಸ್ಪ್ ಅಂದರೆ ಏನು? ನಮ್ಮ ಎಸ್ಸೆಸ್ಸೆಲ್ಸಿ ತರಹವಾ?

ಎಸ್ಸೆಸ್ಸೆಲ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ 625ಕ್ಕೆ ಎಷ್ಟು ಬಂತು ಅನ್ನೋದರ ಮೇಲೆ ಯಾವ ಕಾಲೇಜು, ಯಾವ ಕಾಂಬಿನೇಷನ್ ಅನ್ನೋದೆಲ್ಲ ನಿಂತಿರುತ್ತದೆ. ಇಲ್ಲಿ ಆ ತರಹ ಏನೂ ನಿಂತಿಲ್ಲ. ಶಾಲೆಗಳು ಕಲಿಸಬೇಕಾದ್ದನ್ನು ಕಲಿಸುತ್ತಿವೆಯಾ, ಯಾವ ಊರಿನ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಅಂತ ರಾಜ್ಯ ನೋಡಿಕೊಳ್ಳುವ ಪರೀಕ್ಷೆ ಇದು.

ಪೂರ್ತಿ ಹೆಸರು ಕ್ಯಾಲಿಫೋರ್ನಿಯಾ ಅಸೆಸ್‌ಮೆಂಟ್ ಆಫ್ ಸ್ಟೂಡೆಂಟ್ ಪರ್ಫಾರ್ಮೆನ್ಸ್ ಅಂಡ್ ಪ್ರೋಗ್ರೆಸ್. ಎಲ್ಲರೂ ಕ್ಯಾಸ್ಪ್ ಅನ್ನುತ್ತಾರೆ. 2014ರಲ್ಲಿ ಬಂತು. ಅದಕ್ಕೂ ಮುಂಚೆ ಸ್ಟಾರ್ ಅಂತ ಬೇರೆ ಪರೀಕ್ಷೆ ಇತ್ತು, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೋಲ ತುಂಬುವಂಥದ್ದು. ಕ್ಯಾಸ್ಪ್ ಒಂದು ಕೊಡೆ ಇದ್ದ ಹಾಗೆ, ಅದರ ಕೆಳಗೆ ಹಲವು ಪರೀಕ್ಷೆಗಳಿವೆ. ಇಂಗ್ಲಿಷ್ ಮತ್ತು ಗಣಿತಕ್ಕೆ ಇರೋದು ಸ್ಮಾರ್ಟರ್ ಬ್ಯಾಲೆನ್ಸ್ಡ್. ಇದನ್ನು ಹಲವು ರಾಜ್ಯಗಳು ಸೇರಿ ಮಾಡಿಕೊಂಡವು. ಇಲ್ಲಿ 2015ರಿಂದ ನಡೆಯುತ್ತಿದೆ.

ಯಾವ ಕ್ಲಾಸಿನವರಿಗೆ ಇರುತ್ತದೆ?

ಇಂಗ್ಲಿಷ್ ಮತ್ತು ಗಣಿತ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಆಮೇಲೆ 11ರಲ್ಲಿ ಒಂದು ಸಲ. ವಿಜ್ಞಾನದ ಪರೀಕ್ಷೆಗೆ ಕ್ಯಾಸ್ಟ್ ಅಂತ ಹೆಸರು, ಅದು 5ರಲ್ಲಿ, 8ರಲ್ಲಿ ಮತ್ತು ಹೈಸ್ಕೂಲಿನಲ್ಲಿ ಒಂದು ಸಲ. ತುಂಬಾ ಗಂಭೀರವಾದ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಪ್ರತ್ಯೇಕ ಪರೀಕ್ಷೆಗಳಿವೆ. ಹೆಚ್ಚಿನ ಶಾಲೆಗಳಲ್ಲಿ ಇದೆಲ್ಲ ಏಪ್ರಿಲ್ ಮೇ ತಿಂಗಳಲ್ಲಿ ನಡೆಯುತ್ತದೆ. ಪ್ರೈವೇಟ್ ಶಾಲೆಯವರಿಗೆ ಕಡ್ಡಾಯ ಇಲ್ಲ.

ಇದರ ಜೊತೆಗೆ ಎಲ್‌ಪ್ಯಾಕ್ ಅಂತ ಇನ್ನೊಂದಿದೆ, ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಪರೀಕ್ಷೆ. ಮನೆಯಲ್ಲಿ ಕನ್ನಡ ಮಾತಾಡುವ ನಮಗೆ ಜಾಸ್ತಿ ತಿಳಿದಿರಬೇಕಾದ್ದು ಅದೇ. ಮುಂದೆ ವಿವರವಾಗಿ ಬರುತ್ತದೆ.

ಚಿಕ್ಕ ಮಕ್ಕಳಿಗೆ ಇದೆಲ್ಲ ಯಾಕೆ? ರಾಜ್ಯ ಸರ್ಕಾರ ಬೇಡ ಅಂದರೆ ಆಗಲ್ವಾ?

ಆಗಲ್ಲ, ಇದು ಕೇಂದ್ರದ ಕಾನೂನು. 2002ರ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾಯ್ದೆ ಇದನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿತು. 2015ರ ಡಿಸೆಂಬರ್‌ನಲ್ಲಿ ಒಬಾಮಾ ಸಹಿ ಹಾಕಿದ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆಯಲ್ಲೂ ಅದು ಉಳಿಯಿತು. ಶಾಲೆಯ 95% ಮಕ್ಕಳಾದರೂ ಬರೆಯಬೇಕು ಅನ್ನೋದೂ ಅದರಲ್ಲೇ ಇದೆ. ಕೊರೊನಾ ಬಂದ 2020ರಲ್ಲಿ ಪರೀಕ್ಷೆ ನಡೆಯಲಿಲ್ಲ.

ಇದರಿಂದ ಒಳ್ಳೆಯದೂ ಆಗಿದೆ ಅಂತ ನನಗೆ ಅನಿಸುತ್ತದೆ. ಬಡ ಮಕ್ಕಳ, ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳ, ಕಪ್ಪು ಮಕ್ಕಳ ಅಂಕಗಳನ್ನು ಬೇರೆ ಬೇರೆಯಾಗಿ ತೋರಿಸಲೇಬೇಕು ಅಂತ ಕಾನೂನು ಹೇಳುತ್ತದೆ. ಸರಾಸರಿಯ ಹಿಂದೆ ಯಾರನ್ನೂ ಬಚ್ಚಿಡೋಕೆ ಆಗಲ್ಲ. ಇಡೀ ರಾಜ್ಯದಲ್ಲಿ ಗಣಿತದಲ್ಲಿ ತರಗತಿಯ ಮಟ್ಟ ಮುಟ್ಟಿದ ಮಕ್ಕಳು 2019ರಲ್ಲಿ 39.7%, 2024ರಲ್ಲಿ 35.5%. ಕೊರೊನಾ ಕಾಲದಲ್ಲಿ ಕಳೆದುಹೋದ ಕಲಿಕೆ ಇನ್ನೂ ವಾಪಸ್ ಬಂದಿಲ್ಲ ಅಂತ ಗೊತ್ತಾಗೋದು ಇಂಥ ಲೆಕ್ಕದಿಂದಲೇ, ಅಲ್ವಾ?

ಮಗು ಫೇಲಾದರೆ ಅದೇ ಕ್ಲಾಸಿನಲ್ಲಿ ಕೂರಿಸುತ್ತಾರಾ?

ಪಾಸು ಫೇಲು ಅನ್ನೋದೇ ಇದರಲ್ಲಿಲ್ಲ. ಅಂಕ ರಿಪೋರ್ಟ್ ಕಾರ್ಡಿನ ಗ್ರೇಡಿಗೆ ಸೇರುವುದಿಲ್ಲ. ಹೈಸ್ಕೂಲಿನ ಗ್ರೇಡುಗಳ ಸರಾಸರಿಯಾದ ಜಿಪಿಎಗೂ ಸೇರುವುದಿಲ್ಲ. ಮುಂಚೆ ಹೈಸ್ಕೂಲು ಮುಗಿಸೋಕೆ ಪಾಸಾಗಲೇಬೇಕಾದ ಎಕ್ಸಿಟ್ ಪರೀಕ್ಷೆ ಒಂದಿತ್ತು. ಅದನ್ನೂ 2015ರಲ್ಲಿ ನಿಲ್ಲಿಸಿದರು.

ಒಂದು ಎಚ್ಚರಿಕೆ ಮಾತ್ರ. ಕೆಲವು ಕಡೆ 6 ಅಥವಾ 7ನೇ ತರಗತಿಯಲ್ಲಿ ಮುಂದುವರಿದ ಗಣಿತದ ಕ್ಲಾಸಿಗೆ ಮಕ್ಕಳನ್ನು ಆರಿಸುವಾಗ ಬೇರೆ ಅಂಕಗಳ ಜೊತೆ ಕ್ಯಾಸ್ಪ್ ಅಂಕವನ್ನೂ ನೋಡುತ್ತಾರೆ. ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಭಾಗದ ಶಾಲೆಗಳನ್ನು ನಡೆಸುವ ಮಂಡಳಿಗೆ, ನಿಯಮ ಬೇರೆ. ನಿಮ್ಮ ಶಾಲೆಯ ಕೌನ್ಸೆಲರ್ ಹತ್ತಿರ ನೇರವಾಗಿ ಕೇಳಿ. ಪಕ್ಕದ ಮನೆಯವರ ಮಾತನ್ನು ನಂಬಿಕೊಂಡು ಕೂರಬೇಡಿ.

ಮಗಳು ಬಂದು 'ಅಮ್ಮಾ, ಎಲ್ಲ ತುಂಬಾ ಕಷ್ಟ ಇತ್ತು' ಅಂತ ಅತ್ತಳು. ಚೆನ್ನಾಗಿ ಓದುವ ಹುಡುಗಿ. ಏನಾಯ್ತು?

ಅವಳು ಚೆನ್ನಾಗಿ ಮಾಡಿದ್ದಕ್ಕೇ ಕಷ್ಟ ಆಗಿರಬಹುದು. ನಿಜವಾಗಿ ಹೇಳುತ್ತಿದ್ದೇನೆ.

ಈ ಪರೀಕ್ಷೆಯಲ್ಲಿ ಎರಡು ಭಾಗ ಇವೆ. ಮೊದಲ ಭಾಗದಲ್ಲಿ ಕಂಪ್ಯೂಟರ್ ಮಗುವಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತದೆ. ಉತ್ತರ ಸರಿ ಇದ್ದರೆ ಇನ್ನೂ ಗಟ್ಟಿ ಪ್ರಶ್ನೆ, ತಪ್ಪಿದ್ದರೆ ಸ್ವಲ್ಪ ಸುಲಭದ್ದು. ಹಾಗಾಗಿ ಪಕ್ಕ ಪಕ್ಕ ಕೂತ ಇಬ್ಬರು ಮಕ್ಕಳ ಪ್ರಶ್ನೆಗಳು ಒಂದೇ ಇರುವುದಿಲ್ಲ. ಗಣಿತದಲ್ಲಿ ಜಾಣ ಮಗುವಿಗೂ ಕೊನೆಕೊನೆಗೆ ತನ್ನ ಕೈಗೆ ಎಟುಕದ ಪ್ರಶ್ನೆಗಳೇ ಬರುತ್ತಿರುತ್ತವೆ. ಯಾವಾಗಲೂ ನೂರಕ್ಕೆ ತೊಂಬತ್ತೈದು ತಂದು ಅಭ್ಯಾಸ ಆದ ಮಕ್ಕಳಿಗೆ ಇದು ತುಂಬಾ ವಿಚಿತ್ರ ಅನುಭವ. ನನ್ನ ಮಗ 4ನೇ ತರಗತಿಯಲ್ಲಿ ಸಂಜೆಯೆಲ್ಲ ಮಾತೇ ಆಡಲಿಲ್ಲ, ಅರ್ಧಕ್ಕರ್ಧ ತಪ್ಪು ಮಾಡಿದೆ ಅಂತ ಅವನಿಗೆ ಖಾತ್ರಿಯಾಗಿತ್ತು, ಆಮೇಲೆ ನೋಡಿದರೆ ಗಣಿತದಲ್ಲಿ ಮೇಲಿನ ಹಂತದಲ್ಲೇ ಇದ್ದ. ಪರೀಕ್ಷೆಗೆ ಮುಂಚೆಯೇ ಮಗುವಿಗೆ ಇದನ್ನು ಹೇಳಿಡಿ: ಪ್ರಶ್ನೆ ಕಷ್ಟ ಆಗುತ್ತಾ ಹೋದರೆ ನೀನು ಚೆನ್ನಾಗಿ ಮಾಡುತ್ತಿದ್ದೀಯ ಅಂತ ಅರ್ಥ ಇರಬಹುದು, ಹೆದರಬೇಡ.

ಎರಡನೇ ಭಾಗಕ್ಕೆ ಪರ್ಫಾರ್ಮೆನ್ಸ್ ಟಾಸ್ಕ್ ಅನ್ನುತ್ತಾರೆ. ಒಂದು ವಿಷಯದ ಬಗ್ಗೆ ಎರಡು ಮೂರು ಬರಹ ಕೊಟ್ಟು, ಅದರಿಂದ ಆಧಾರ ತೆಗೆದು ಪ್ರಬಂಧ ಬರೆಯಲು ಹೇಳುತ್ತಾರೆ. ಗಣಿತದಲ್ಲಾದರೆ ದಿನನಿತ್ಯದ ಒಂದು ಸಮಸ್ಯೆ ಕೊಟ್ಟು ಹಂತ ಹಂತವಾಗಿ ಬಿಡಿಸಿ ವಿವರಿಸಬೇಕು. ಟೈಪ್ ಮಾಡೋಕೆ ಬರದ 3ನೇ ತರಗತಿ ಮಕ್ಕಳು ಒದ್ದಾಡೋದು ಇಲ್ಲೇ. ತಲೆಯಲ್ಲಿ ಒಳ್ಳೆಯ ವಾಕ್ಯ ಇರುತ್ತದೆ, ಬೆರಳು ಓಡುವುದಿಲ್ಲ.

ಟೈಮ್ ಎಷ್ಟು?

ಸಮಯದ ಮಿತಿ ಇಲ್ಲ. ಹಲವು ದಿನಗಳಲ್ಲಿ ಹಂಚಿ ಬರೆಸುತ್ತಾರೆ. ಮುಗಿಯದ ಮಗುವಿಗೆ ಇನ್ನಷ್ಟು ಸಮಯ ಕೊಡಬೇಕು. 'ಬೇಗ ಮುಗಿಸು' ಅನ್ನುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ರಿಪೋರ್ಟ್ ಬಂತು. 2470 ಅಂತ ಏನೋ ನಂಬರ್ ಇದೆ. ಎಷ್ಟಕ್ಕೆ ಎಷ್ಟು?

ಎಷ್ಟಕ್ಕೂ ಅಲ್ಲ. ಇದು ಅಳತೆಗೋಲಿನ ಮೇಲಿನ ಒಂದು ಗುರುತು. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರಕ್ಕೆ ಗೆರೆ ಎಳೆಯುತ್ತೇವಲ್ಲ, ಹಾಗೆ. 3ನೇ ತರಗತಿಯಿಂದ 11ರವರೆಗೆ ಒಂದೇ ಗೋಲು. ವರ್ಷ ವರ್ಷ ಮಗು ಎಷ್ಟು ಬೆಳೆಯಿತು ಅಂತ ನೋಡಬಹುದು.

ಆದರೆ ಮುಟ್ಟಬೇಕಾದ ಗೆರೆಯೂ ಪ್ರತಿ ವರ್ಷ ಮೇಲೆ ಹೋಗುತ್ತದೆ. ನಾಲ್ಕು ಹಂತಗಳಿವೆ. ಮೂರನೇ ಹಂತ ಅಂದರೆ ಆ ತರಗತಿಗೆ ತಕ್ಕ ಮಟ್ಟ. ಗಣಿತದಲ್ಲಿ ಮೂರನೇ ಹಂತ ಶುರುವಾಗೋದು 3ನೇ ತರಗತಿಯಲ್ಲಿ 2436ಕ್ಕೆ, 4ರಲ್ಲಿ 2485ಕ್ಕೆ, 5ರಲ್ಲಿ 2528ಕ್ಕೆ. ಈಗ ಒಂದು ಮಗುವಿಗೆ 3ರಲ್ಲಿ 2450 ಬಂತು, 4ರಲ್ಲಿ 2470 ಬಂತು ಅಂದುಕೊಳ್ಳಿ. ನಂಬರ್ ಏರಿದೆ, ಆದರೆ ಹಂತ ಮೂರರಿಂದ ಎರಡಕ್ಕೆ ಇಳಿದಿದೆ. ಮಗು ಕಲಿಯುತ್ತಿದೆ, ಕಲಿಯಬೇಕಾದಷ್ಟು ವೇಗವಾಗಿ ಅಲ್ಲ. ಇದನ್ನು ಗಮನಿಸದೆ 'ಹೋದ ವರ್ಷಕ್ಕಿಂತ ಜಾಸ್ತಿ ಬಂತು' ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಹಂತ ಇಳಿದದ್ದನ್ನು ಮಾತ್ರ ನೋಡಿ ಮಗುವನ್ನು ಬೈದವರನ್ನೂ ನೋಡಿದ್ದೇನೆ. ಎರಡನ್ನೂ ಒಟ್ಟಿಗೆ ನೋಡಿ.

ಮೊದಲು ಮೇಲಿನಿಂದ ಕೆಳಕ್ಕೆ ಸ್ಟ್ಯಾಂಡರ್ಡ್ ಎಕ್ಸೀಡೆಡ್, ಮೆಟ್, ನಿಯರ್ಲಿ ಮೆಟ್, ನಾಟ್ ಮೆಟ್ ಅಂತ ಬರೆಯುತ್ತಿದ್ದರು. 2025ರಲ್ಲಿ ಆ ಹೆಸರುಗಳನ್ನು ಬದಲಾಯಿಸಿ ಅಡ್ವಾನ್ಸ್ಡ್, ಪ್ರೊಫಿಶಿಯೆಂಟ್, ಡೆವಲಪಿಂಗ್, ಮಿನಿಮಲ್ ಅಂತ ಮಾಡಿದರು. ಹಳೆಯ ರಿಪೋರ್ಟ್ ಪಕ್ಕ ಇಟ್ಟು ನೋಡುವವರು ಗೊಂದಲ ಮಾಡಿಕೊಳ್ಳಬೇಡಿ, ಗೆರೆಗಳು ಅವೇ.

ಇನ್ನೊಂದು ಮಾತು. ಇದೇ ಮಗು ಮರುದಿನ ಬರೆದಿದ್ದರೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತಿತ್ತು. ಗೆರೆಗಿಂತ ಐದು ಅಂಕ ಕೆಳಗೆ ಇರುವ ಮಗುವಿಗೂ ಐದು ಅಂಕ ಮೇಲಿರುವ ಮಗುವಿಗೂ ನಿಜವಾಗಿ ಏನೂ ವ್ಯತ್ಯಾಸ ಇಲ್ಲ. ನಂಬರಿಗಿಂತ ಕೆಳಗಿರುವ ಭಾಗ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಓದು, ಬರವಣಿಗೆಯಂಥ ಭಾಗಗಳಲ್ಲಿ ಎಲ್ಲಿ ಮೇಲಿದೆ, ಎಲ್ಲಿ ಕೆಳಗಿದೆ ಅಂತ ಅಲ್ಲಿ ಕೊಟ್ಟಿರುತ್ತಾರೆ.

ಕ್ಲಾಸಿನಲ್ಲಿ ಎಲ್ಲ ಎ ಗ್ರೇಡ್, ಇಲ್ಲಿ ಎರಡನೇ ಹಂತ. ಯಾವುದನ್ನು ನಂಬಲಿ?

ಎರಡನ್ನೂ. ಗ್ರೇಡಿನಲ್ಲಿ ಹೋಂವರ್ಕ್ ಮಾಡಿದ್ದು, ಹೊತ್ತಿಗೆ ಸರಿಯಾಗಿ ಕೊಟ್ಟದ್ದು, ಕ್ಲಾಸಿನಲ್ಲಿ ಮಾತಾಡಿದ್ದು ಎಲ್ಲ ಸೇರಿರುತ್ತದೆ. ಕ್ಯಾಸ್ಪ್ ಒಂದು ವಾರದ ಚಿತ್ರ. ಒಂದು ವರ್ಷ ಹೀಗಾದರೆ ಬಿಡಿ, ಜ್ವರ ಇತ್ತೋ ನಿದ್ದೆ ಕೆಟ್ಟಿತ್ತೋ ಇರಬಹುದು. ಎರಡು ವರ್ಷ ಸತತ ಹೀಗೇ ಬಂದರೆ ಟೀಚರ್ ಹತ್ತಿರ ಹೋಗಿ ಕೇಳಲೇಬೇಕು.

ಶಾಲೆಗೆ ಸೇರಿಸುವಾಗ 'ಮನೆಯಲ್ಲಿ ಯಾವ ಭಾಷೆ' ಅಂತ ಕೇಳುತ್ತಾರೆ. ಕನ್ನಡ ಅಂತ ಬರೆದರೆ ತೊಂದರೆ ಆಗುತ್ತಂತೆ, ಇಂಗ್ಲಿಷ್ ಅಂತ ಬರೆಯಿರಿ ಅಂದರು. ಏನು ಮಾಡಲಿ?

ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಕನ್ನಡ ಅಂದರೆ ಕನ್ನಡ.

ಆ ಫಾರ್ಮಿಗೆ ಹೋಂ ಲ್ಯಾಂಗ್ವೇಜ್ ಸರ್ವೆ ಅನ್ನುತ್ತಾರೆ. ನಾಲ್ಕು ಪ್ರಶ್ನೆ: ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಈಗ ಮನೆಯಲ್ಲಿ ಮಗು ಜಾಸ್ತಿ ಆಡೋದು ಯಾವುದು, ನೀವು ಮಗುವಿನ ಜೊತೆ ಆಡೋದು ಯಾವುದು, ಮನೆಯ ದೊಡ್ಡವರು ತಮ್ಮಲ್ಲಿ ಆಡೋದು ಯಾವುದು. ಮೊದಲ ಮೂರರಲ್ಲಿ ಒಂದಕ್ಕಾದರೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆದರೆ, ಶಾಲೆಗೆ ಸೇರಿದ 30 ದಿನದೊಳಗೆ ಮಗುವಿಗೆ ಇನಿಷಿಯಲ್ ಎಲ್‌ಪ್ಯಾಕ್ ಪರೀಕ್ಷೆ ಇರುತ್ತದೆ. ಕೇಳಿಸಿಕೊಳ್ಳುವುದು, ಮಾತಾಡುವುದು, ಓದುವುದು, ಬರೆಯುವುದು ಅಂತ ನಾಲ್ಕು ಭಾಗ. ಕಿಂಡರ್‌ಗಾರ್ಟನ್ ಮಕ್ಕಳನ್ನು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಾರೆ. ಚೆನ್ನಾಗಿ ಬಂದರೆ ಅಲ್ಲಿಗೇ ಮುಗಿಯಿತು. ಇನ್ನೂ ಕಲಿಯಬೇಕು ಅಂತ ಬಂದರೆ ಮಗುವನ್ನು ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿಸಿ, ಅದಕ್ಕಾಗಿಯೇ ಪಾಠ ಕೊಡಬೇಕು. ಕೊಡುವುದು ಶಾಲೆಯ ಜವಾಬ್ದಾರಿ.

ನನ್ನ ತಪ್ಪು ಇಲ್ಲಿದೆ. ದೊಡ್ಡವಳನ್ನು ಸೇರಿಸುವಾಗ ಯಾರೋ ಹೇಳಿದರು, ಕನ್ನಡ ಅಂತ ಬರೆದರೆ ಮಗುವಿನ ಮೇಲೆ ಸೀಲ್ ಬೀಳುತ್ತದೆ, ಹಿಂದುಳಿದವರ ಜೊತೆ ಕೂರಿಸುತ್ತಾರೆ ಅಂತ. ಹೆದರಿ ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೆದೆ. ಅವಳಿಗೆ ಆಗ ಇಂಗ್ಲಿಷ್ ಬರುತ್ತಿದ್ದದ್ದು ಬಣ್ಣಗಳ ಹೆಸರು, ನೂರರವರೆಗೆ ಎಣಿಕೆ, ನಾಲ್ಕು ರೈಮ್ಸ್, ಅಷ್ಟೇ. ಟೀಚರ್ ಹೇಳಿದ್ದು ಅವಳಿಗೆ ಅರ್ಥ ಆಗುತ್ತಿರಲಿಲ್ಲ. ಕಾಗದದ ಪ್ರಕಾರ ಅವಳ ಮನೆಮಾತೇ ಇಂಗ್ಲಿಷ್, ಹಾಗಾಗಿ ಭಾಷೆಯ ಸಹಾಯ ಅಂತ ಯಾರೂ ಯೋಚಿಸಲಿಲ್ಲ. ನವೆಂಬರ್‌ನಲ್ಲಿ ಟೀಚರ್ ಕರೆದು, ಮಗು ಮಾತೇ ಆಡುವುದಿಲ್ಲ, ಕಿವಿ ಪರೀಕ್ಷೆ ಮಾಡಿಸಿ ಅಂದರು. ಅವತ್ತು ಪಾರ್ಕಿಂಗ್‌ನಲ್ಲಿ ಕಾರಿನಲ್ಲಿ ಕೂತು ತುಂಬಾ ಹೊತ್ತು ಅತ್ತೆ. ಮನೆಯಲ್ಲಿ ಬಾಯಿ ಮುಚ್ಚದೆ ಕತೆ ಹೇಳುವ ಮಗು ಅದು. ಮನೆಗೆ ಬಂದು ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಕೇಳಿದೆ. 'ಅಮ್ಮಾ, ಅವರು ಬೇಗ ಬೇಗ ಹೇಳುತ್ತಾರೆ' ಅಂದಳು.

ಎರಡನೆಯವನನ್ನು ಸೇರಿಸುವಾಗ ನಾಲ್ಕಕ್ಕೂ ಕನ್ನಡ ಅಂತ ಬರೆದೆ. ಎಲ್‌ಪ್ಯಾಕ್ ಬರೆದ, ಪಟ್ಟಿಗೆ ಸೇರಿದ, ದಿನಾ ಅರ್ಧ ಗಂಟೆ ಐದಾರು ಮಕ್ಕಳ ಜೊತೆ ಕೂರಿಸಿ ಮಾತು ಕಲಿಸಿದರು, 2ನೇ ತರಗತಿ ಮುಗಿಯುವ ಹೊತ್ತಿಗೆ ಹೊರಗೆ ಬಂದ. ಸೀಲೂ ಇಲ್ಲ, ಏನೂ ಇಲ್ಲ.

ಆ ಪಟ್ಟಿಯಿಂದ ಹೊರಗೆ ಬರೋದು ಹೇಗೆ?

ಪ್ರತಿ ವರ್ಷ ಫೆಬ್ರವರಿಯಿಂದ ಮೇ ಒಳಗೆ ಸಮ್ಮೇಟಿವ್ ಎಲ್‌ಪ್ಯಾಕ್ ಇರುತ್ತದೆ. ಅದರಲ್ಲಿ ಒಟ್ಟಾರೆ 4ನೇ ಹಂತ ಬರಬೇಕು. ಅದರ ಜೊತೆ ಟೀಚರ್ ಅಭಿಪ್ರಾಯ, ನಿಮ್ಮ ಅಭಿಪ್ರಾಯ, ಮತ್ತು ಇಂಗ್ಲಿಷ್ ಮನೆಮಾತಿನ ಮಕ್ಕಳ ಜೊತೆ ಹೋಲಿಸಿದರೆ ಮಗುವಿನ ಕಲಿಕೆ ಹೇಗಿದೆ ಅನ್ನೋದನ್ನೂ ನೋಡುತ್ತಾರೆ. ಹೊರಗೆ ಬಂದ ಮೇಲೂ ನಾಲ್ಕು ವರ್ಷ ಶಾಲೆ ಗಮನ ಇಟ್ಟಿರಬೇಕು.

ತಡ ಮಾಡದೆ ಹೊರಗೆ ಬರೋದು ಒಳ್ಳೆಯದು. ಮಿಡ್ಲ್ ಸ್ಕೂಲಿನವರೆಗೂ ಪಟ್ಟಿಯಲ್ಲೇ ಉಳಿದರೆ ಇಂಗ್ಲಿಷ್ ಪಾಠದ ಪೀರಿಯಡ್‌ಗಾಗಿ ಸಂಗೀತ, ಚಿತ್ರಕಲೆಯಂಥ ಕ್ಲಾಸು ಬಿಡಬೇಕಾಗಿ ಬರಬಹುದು. ನಮ್ಮ ಮಕ್ಕಳು ಕೆಲವೊಮ್ಮೆ ಸಿಕ್ಕಿಹಾಕಿಕೊಳ್ಳೋದು ಮಾತಿನ ಭಾಗದಲ್ಲಿ. ಗೊತ್ತಿದ್ದರೂ ಒಂದೇ ಪದದ ಉತ್ತರ ಕೊಡುತ್ತಾರೆ. 'ದೊಡ್ಡವರ ಮುಂದೆ ಜಾಸ್ತಿ ಮಾತಾಡಬೇಡ' ಅಂತ ನಾವೇ ಕಲಿಸಿರುತ್ತೇವಲ್ಲ. ಆ ಪರೀಕ್ಷೆಯಲ್ಲಿ ಪೂರ್ತಿ ವಾಕ್ಯದಲ್ಲಿ, ಕಾರಣ ಕೊಟ್ಟು ಹೇಳಬೇಕು ಅಂತ ಮಗುವಿಗೆ ಮೊದಲೇ ತಿಳಿಸಿ.

ಎಲ್‌ಪ್ಯಾಕ್ ಆದ ಮೇಲೆ ಆ ಫಾರ್ಮನ್ನು ತಿದ್ದಿ ಇಂಗ್ಲಿಷ್ ಅಂತ ಬರೆದುಕೊಟ್ಟರೆ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಆ ಪ್ರಯತ್ನ ಬೇಡ.

ಹಾಗಾದರೆ ಪರೀಕ್ಷೆಗಾಗಿ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಬೇಕಾ?

ಬೇಡ. ದಯವಿಟ್ಟು ಬೇಡ. ಶಾಲೆ ಇರೋದೇ ಇಂಗ್ಲಿಷಿನಲ್ಲಿ, ಅದನ್ನು ಮಕ್ಕಳು ಕಲಿತೇ ಕಲಿಯುತ್ತಾರೆ. ಮನೆಯಲ್ಲಿ ನಿಲ್ಲಿಸಿದ ಕನ್ನಡ ವಾಪಸ್ ಬರೋದು ಬಹಳ ಕಷ್ಟ. ಇಂಗ್ಲಿಷ್ ಪರೀಕ್ಷೆಯಲ್ಲೂ ಕೇಳೋದು ಏನು? ಇದು ಯಾಕೆ ಹೀಗಾಯ್ತು, ಅವನು ಹಾಗಂದದ್ದು ಯಾಕೆ, ನೀನು ಹೇಗೆ ಹೇಳುತ್ತೀಯ. ಮನೆಯಲ್ಲಿ ಕನ್ನಡದಲ್ಲಿ ವಾದ ಮಾಡಿ, ಕತೆ ಕೇಳಿ, ಕಾರಣ ಕೊಟ್ಟು ಬೆಳೆದ ಮಗು ಅದನ್ನೇ ಇಂಗ್ಲಿಷಿನಲ್ಲಿ ಮಾಡುತ್ತದೆ. ತಡವರಿಸುವ ಇಂಗ್ಲಿಷಿನಲ್ಲಿ ನಾವು ಆಡುವ ನಾಲ್ಕು ಮಾತಿಗಿಂತ, ತುಂಬು ಕನ್ನಡದಲ್ಲಿ ಅಜ್ಜಿ ಹೇಳುವ ಒಂದು ಕತೆ ಮಗುವಿಗೆ ಜಾಸ್ತಿ ಕೊಡುತ್ತದೆ.

ಈಗಷ್ಟೇ ಬೆಂಗಳೂರಿನಿಂದ ಬಂದಿದ್ದೇವೆ. ಮಗ 6ನೇ ತರಗತಿ. ಈ ವರ್ಷವೇ ಬರೆಯಬೇಕಾ?

ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲಿದ್ದು, ಅಮೆರಿಕದ ಶಾಲೆಗೆ ಸೇರಿ 12 ತಿಂಗಳು ಆಗಿಲ್ಲದಿದ್ದರೆ ಆ ಸಲದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಗಣಿತ ಬರೆಯಬೇಕು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂನಿಂದ ಬಂದ ಎಷ್ಟೋ ಮಕ್ಕಳು ಇನಿಷಿಯಲ್ ಎಲ್‌ಪ್ಯಾಕ್‌ನಲ್ಲೇ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಅವರು ಎಲ್ಲರ ಹಾಗೆ ಎರಡನ್ನೂ ಬರೆಯುತ್ತಾರೆ.

ಕನ್ನಡದಲ್ಲಿ ಬರೆಯಬಹುದಾ? ಕನ್ನಡದಲ್ಲಿ ಸಹಾಯ ಸಿಗುತ್ತಾ?

ಬರೆಯೋಕೆ ಆಗಲ್ಲ. ಗಣಿತದ ಪರೀಕ್ಷೆಯಲ್ಲಿ ಕಷ್ಟದ ಪದಗಳಿಗೆ ಅರ್ಥ ಕೊಡುವ ಪಟ್ಟಿ ಕೆಲವು ಭಾಷೆಗಳಲ್ಲಿದೆ. ಪಂಜಾಬಿ ಇದೆ, ವಿಯೆಟ್ನಾಮೀಸ್ ಇದೆ. ಕನ್ನಡ ಇಲ್ಲ. ನಮ್ಮ ಭಾಷೆಯ ಮಕ್ಕಳು ಎಷ್ಟಿದ್ದಾರೆ ಅಂತ ರಾಜ್ಯಕ್ಕೆ ಲೆಕ್ಕ ಸಿಗೋದು ಹೋಂ ಲ್ಯಾಂಗ್ವೇಜ್ ಸರ್ವೆಯಿಂದ. ಅದರಲ್ಲಿ ಇಂಗ್ಲಿಷ್ ಅಂತ ಬರೆದರೆ ಆ ಲೆಕ್ಕದಿಂದ ನಾವೇ ಹೊರಗೆ ಹೋದ ಹಾಗೆ.

ಕೋಚಿಂಗ್ ಬೇಕಾ? ಮನೆಯಲ್ಲಿ ಏನು ತಯಾರಿ ಮಾಡಿಸಲಿ?

ಕ್ಯಾಸ್ಪ್‌ಗಾಗಿ ಕೋಚಿಂಗ್‌ಗೆ ದುಡ್ಡು ಹಾಕಬೇಡಿ. ಮಾದರಿ ಪರೀಕ್ಷೆಗಳು ರಾಜ್ಯದ ಕ್ಯಾಸ್ಪ್ ತಾಣದಲ್ಲಿ ಉಚಿತವಾಗಿವೆ, ಅತಿಥಿಯಾಗಿ ಒಳಗೆ ಹೋಗಬಹುದು, ಹೆಸರು ಪಾಸ್‌ವರ್ಡ್ ಏನೂ ಬೇಡ. ಮಗುವಿನ ಜೊತೆ ಒಂದು ಸಲ ಕೂತು ಮಾಡಿ. ಎಳೆದು ಬಿಡುವುದು, ಗೆರೆ ಹಾಕುವುದು, ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಆರಿಸುವುದು ಎಲ್ಲ ಕೈಗೆ ರೂಢಿಯಾಗಲಿ. ಟೈಪಿಂಗ್ ದಿನಾ ಹತ್ತು ನಿಮಿಷ ಮಾಡಿಸಿ.

ಗಣಿತದಲ್ಲಿ 3ರಿಂದ 5ನೇ ತರಗತಿವರೆಗೆ ಕ್ಯಾಲ್ಕುಲೇಟರ್ ಇಲ್ಲ. ಅಜ್ಜ ಹೇಳಿಕೊಡುವ ಮಗ್ಗಿ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. 3ನೇ ತರಗತಿಯಲ್ಲಿ ಭಿನ್ನರಾಶಿ ಶುರುವಾಗುತ್ತದೆ. ನಾಲ್ಕನೇ ಮೂರು ಅಂದರೆ ನಾಲ್ಕನೇ ಒಂದು ಅನ್ನೋದು ಮೂರು ಸಲ, ಇದು ಮಕ್ಕಳಿಗೆ ಹೊಳೆಯಬೇಕು ಅಂತ ಟೀಚರ್‌ಗಳು ವಾರಗಟ್ಟಲೆ ಚಿತ್ರ ಬರೆಸುತ್ತಾರೆ. ಕನ್ನಡದಲ್ಲಿ ಅದು ಪದದಲ್ಲೇ ಇದೆ. ಕಾಲು, ಮೂರು ಕಾಲು, ಮುಕ್ಕಾಲು. ಚಪಾತಿ ಕತ್ತರಿಸುತ್ತಾ ನನ್ನ ಮಗನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ. ಒಂದೂವರೆ ಲೋಟ, ಎರಡೂಕಾಲು ಚಮಚ ಅಂತ ಅಡುಗೆಮನೆಯಲ್ಲಿ ಆಡುತ್ತಾ ಇದ್ದರೆ ಅರ್ಧ ಪಾಠ ಆಗಿಹೋಗುತ್ತದೆ.

ಉತ್ತರ ಸರಿ ಇದ್ದಾಗಲೂ 'ಹೇಗೆ ಗೊತ್ತಾಯ್ತು?' ಅಂತ ಕೇಳಿ. ಪರೀಕ್ಷೆಯಲ್ಲೂ ಉತ್ತರಕ್ಕೆ ಹೇಗೆ ಬಂದೆ ಅಂತ ವಿವರಿಸೋದಕ್ಕೆ ಬೇರೆಯೇ ಅಂಕಗಳಿವೆ. ಸುಮ್ನೆ ಉತ್ತರ ಬರೆದು ಬರುವ ನಮ್ಮ ಮಕ್ಕಳು ಅಲ್ಲೇ ಕಳೆದುಕೊಳ್ಳುತ್ತಾರೆ.

ನಮ್ಮ ಮಗು ಬರೆಯೋದು ಬೇಡ ಅನ್ನಬಹುದಾ?

ಕ್ಯಾಸ್ಪ್‌ಗೆ ಅನ್ನಬಹುದು. ಕ್ಯಾಲಿಫೋರ್ನಿಯಾ ಶಿಕ್ಷಣ ಸಂಹಿತೆಯ 60615ನೇ ಸೆಕ್ಷನ್ ಆ ಹಕ್ಕು ಕೊಡುತ್ತದೆ. ಪ್ರತಿ ವರ್ಷ ಹೊಸದಾಗಿ ಪತ್ರ ಕೊಡಬೇಕು. ಎಲ್‌ಪ್ಯಾಕ್‌ಗೆ ಹೀಗೆ ಹೇಳೋಕೆ ಆಗಲ್ಲ.

ಮಗುವಿಗೆ ಪರೀಕ್ಷೆಯಿಂದ ಮೈ ಕೈ ನಡುಕ, ಹೊಟ್ಟೆನೋವು ಬರುವಷ್ಟು ಭಯ ಇದ್ದರೆ ಈ ಹಕ್ಕನ್ನು ಬಳಸೋದರಲ್ಲಿ ತಪ್ಪಿಲ್ಲ. ಉಳಿದವರು ಬರೆಸಿ. ಬರೆಯುವವರು 95%ಗಿಂತ ಕಡಿಮೆ ಆದರೆ ಶಾಲೆಯ ಲೆಕ್ಕಕ್ಕೆ ಪೆಟ್ಟು ಬೀಳುತ್ತದೆ.

ಮನೆ ಕೊಳ್ಳುತ್ತಿದ್ದೇವೆ. ಮನೆ ಮಾರಾಟದ ತಾಣಗಳಲ್ಲಿ ಶಾಲೆಗೆ 10ಕ್ಕೆ 9 ಇದೆ, 10ಕ್ಕೆ 6 ಇದೆ ಅಂತ ತೋರಿಸುತ್ತಾರೆ. ಅದು ಇದೇ ಪರೀಕ್ಷೆಯಿಂದಲಾ?

ಬಹುಪಾಲು ಇದರಿಂದಲೇ. ಈ ಅಂಕಗಳು ಶಾಲೆಯ ಪಾಠದ ಜೊತೆಗೆ ಆ ಬೀದಿಯವರ ಸಂಬಳವನ್ನೂ ಓದನ್ನೂ ಅಳೆಯುತ್ತವೆ. ಕ್ಯುಪರ್ಟಿನೊ, ಫ್ರೀಮಾಂಟ್‌ನ ಕೆಲವು ಶಾಲೆಗಳಿಗೆ ಮೇಲಿನ ಅಂಕ ಬರೋದರಲ್ಲಿ ಅಪ್ಪ ಅಮ್ಮ ಇಬ್ಬರೂ ಎಂಜಿನಿಯರ್ ಆಗಿರೋದರ ಪಾಲು ದೊಡ್ಡದು. 6 ಅಂತ ತೋರಿಸುವ ಶಾಲೆಯಲ್ಲಿ ಒಳ್ಳೆಯ ಟೀಚರ್ ಇರಬಹುದು. ರಾಜ್ಯದ ಸ್ಕೂಲ್ ಡ್ಯಾಶ್‌ಬೋರ್ಡ್ ನೋಡಿ, ಅಲ್ಲಿ ಕೆಂಪಿನಿಂದ ನೀಲಿವರೆಗೆ ಐದು ಬಣ್ಣಗಳಿವೆ. ಹೋದ ವರ್ಷಕ್ಕಿಂತ ಏರಿದೆಯಾ ಇಳಿದಿದೆಯಾ ಅನ್ನೋದೂ ಅದರಲ್ಲಿ ಸೇರಿದೆ. ಆಮೇಲೆ ಶಾಲೆಗೆ ಒಂದು ಸಲ ಹೋಗಿ ನೋಡಿ. 3 ಗಂಟೆಗೆ ಬಿಟ್ಟಾಗ ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಎಷ್ಟೋ ಗೊತ್ತಾಗುತ್ತದೆ.

11ನೇ ತರಗತಿಯ ಪರೀಕ್ಷೆ ಕಾಲೇಜಿಗೆ ಬೇಕಾ?

ಸೀಟಿಗೆ ಬೇಡ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಬಿಟ್ಟ ಮೇಲೆ ಅದರ ಜಾಗಕ್ಕೆ ಸ್ಮಾರ್ಟರ್ ಬ್ಯಾಲೆನ್ಸ್ಡ್ ತರೋಣವಾ ಅಂತ ಯೋಚಿಸಿ, 2021ರಲ್ಲಿ ಬೇಡ ಅಂತ ತೀರ್ಮಾನ ಮಾಡಿದರು. ಆದರೆ ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಾಲೇಜುಗಳು, ಸೇರಿದ ಮೇಲೆ ಯಾವ ಮಟ್ಟದ ಗಣಿತ, ಇಂಗ್ಲಿಷ್ ಕ್ಲಾಸಿಗೆ ಹಾಕಬೇಕು ಅಂತ ನೋಡೋಕೆ ಇದನ್ನು ಬಳಸುತ್ತವೆ.

ಇನ್ನೊಂದು ಉಪಯೋಗ ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಸ್ಟೇಟ್ ಸೀಲ್ ಆಫ್ ಬೈಲಿಟರಸಿ ಅಂತ ಡಿಪ್ಲೊಮಾ ಮೇಲೆ ಒಂದು ಮುದ್ರೆ ಕೊಡುತ್ತಾರೆ, ಎರಡು ಭಾಷೆ ಚೆನ್ನಾಗಿ ಬರುತ್ತದೆ ಅಂತ. ಇದನ್ನು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ. ಇಂಗ್ಲಿಷ್ ಬರುತ್ತದೆ ಅಂತ ತೋರಿಸುವ ಒಂದು ದಾರಿ ಈ 11ನೇ ತರಗತಿಯ ಪರೀಕ್ಷೆ. ಎರಡನೇ ಭಾಷೆ ಕನ್ನಡ ಇರಬಹುದು. ಭಾನುವಾರದ ಕನ್ನಡ ಕಲಿ ತರಗತಿಗೆ ಹೋಗುವ ಮಕ್ಕಳು 9ನೇ ತರಗತಿಯಲ್ಲೇ ಕೌನ್ಸೆಲರ್ ಹತ್ತಿರ ಕೇಳಿಡಲಿ, ಕನ್ನಡವನ್ನು ನಿಮ್ಮ ಡಿಸ್ಟ್ರಿಕ್ಟ್ ಹೇಗೆ ಪರೀಕ್ಷಿಸುತ್ತದೆ ಅಂತ.

ಡಾಲಸ್‌ನಲ್ಲಿರುವ ತಂಗಿಗೂ ಇದೇ ನಿಯಮವಾ?

ಅಲ್ಲ. ಟೆಕ್ಸಾಸ್‌ನದ್ದು ಬೇರೆ ಪರೀಕ್ಷೆ, ಹೆಸರು ಸ್ಟಾರ್, ನಮ್ಮ ಹಳೆಯ ಸ್ಟಾರ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಹೈಸ್ಕೂಲು ಮುಗಿಸೋಕೆ ಕೆಲವು ವಿಷಯಗಳ ಪರೀಕ್ಷೆ ಪಾಸಾಗಬೇಕು. ಬೇಡ ಅನ್ನುವ ಹಕ್ಕೂ ಇಲ್ಲಿನ ಹಾಗಿಲ್ಲ. ಅವರು ತಮ್ಮ ಶಾಲೆಯಲ್ಲೇ ಕೇಳಬೇಕು.

ರಿಪೋರ್ಟ್ ಹಿಡಿದು ಟೀಚರ್ ಹತ್ತಿರ ಹೋದರೆ ಏನು ಕೇಳಲಿ?

ರಿಪೋರ್ಟ್ ಬರುವ ಹೊತ್ತಿಗೆ ಆ ವರ್ಷದ ಕ್ಲಾಸು ಮುಗಿದಿರುತ್ತದೆ, ಮಗು ಹೊಸ ಟೀಚರ್ ಕೈಗೆ ಹೋಗಿರುತ್ತದೆ. ಹಾಗಾಗಿ ಶರತ್ಕಾಲದ ಪೇರೆಂಟ್ ಟೀಚರ್ ಭೇಟಿಗೆ ಅದನ್ನು ತೆಗೆದುಕೊಂಡು ಹೋಗಿ. ಮೂರು ಪ್ರಶ್ನೆ ಕೇಳಿದರೆ ಸಾಕು. ಇಲ್ಲಿ ಕೆಳಗೆ ಅಂತ ಇರುವ ಭಾಗ ಕ್ಲಾಸಿನಲ್ಲೂ ನಿಮಗೆ ಹಾಗೇ ಕಾಣುತ್ತಿದೆಯಾ? ಅದಕ್ಕೆ ಶಾಲೆಯಲ್ಲಿ ಏನು ಸಹಾಯ ಇದೆ? ಮನೆಯಲ್ಲಿ ನಾವು ಯಾವುದೊಂದನ್ನು ಮಾಡಿಸಲಿ? ಟೀಚರ್‌ಗೆ ಪರೀಕ್ಷೆಯ ಪ್ರಶ್ನೆಗಳು ಗೊತ್ತಿರುವುದಿಲ್ಲ, ಹಾಗಾಗಿ ಯಾವ ಪ್ರಶ್ನೆ ತಪ್ಪಾಯ್ತು ಅಂತ ಕೇಳಿ ಪ್ರಯೋಜನ ಇಲ್ಲ.

ಇಂಗ್ಲಿಷಿನಲ್ಲಿ ಮಾತಾಡೋಕೆ ಹಿಂಜರಿಕೆ ಇದ್ದರೆ ದುಭಾಷಿಯನ್ನು ಕೇಳುವ ಹಕ್ಕು ನಿಮಗಿದೆ. ಅಪ್ಪ ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸೋದು ಶಾಲೆಯ ಹೊಣೆ, ದುಡ್ಡು ಕೊಡಬೇಕಿಲ್ಲ. ಮಗುವನ್ನೇ ದುಭಾಷಿ ಮಾಡಿಕೊಂಡು ಹೋಗಬೇಡಿ. ಒಂದೆರಡು ವಾರ ಮೊದಲೇ ಶಾಲೆಯ ಆಫೀಸಿಗೆ ಹೋಗಿ, ಭಾಷೆ ಕನ್ನಡ ಅಂತ ಹೇಳಿ ಬರೆಸಿಬನ್ನಿ.